ನೆಲದಡಿಯಲ್ಲಿ ಮಲಕವ್ವ ಕಟ್ಟಿದ ಸ್ಟುಡಿಯೊ

ತುಮಕೂರು ರಸ್ತೆಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮಾಕಳಿಯ ಒಳದಾರಿಯೊಂದರಲ್ಲಿ, ಬಾಡಿಗೆ ಕಟ್ಟಡವೊಂದರ ಬೇಸ್‌ಮೆಂಟಿನಲ್ಲಿ ಮಲಕವ್ವ ಗೋಡೆಗೆ ಕೌದಿ ಬಿಗಿಯುತ್ತಿದ್ದಾರೆ. ಬಾಯಲ್ಲಿ ನಾಲ್ಕು ಮೊಳೆ, ಕೈಯಲ್ಲಿ ಸುತ್ತಿಗೆ. ಸವೆದ ಸೀರೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ ಅದು. ನಿನ್ನೆಯ ಮಳೆಗೆ ಮೂಲೆಯಲ್ಲಿ ಹಸಿ ಬಂದಿದೆಯೇ ಎಂದು ಅಂಗೈಯಿಂದ ಗೋಡೆ ಸವರಿ ನೋಡುತ್ತಾರೆ. ಬಂದಿಲ್ಲ. ಮೊಳೆ ಹೊಡೆಯುತ್ತಾರೆ.

ಬೇಸ್‌ಮೆಂಟಿನ ಇಳಿಜಾರಿನಲ್ಲಿ ಮೇಲಿನ ಮನೆಯ ಸೌಮ್ಯಾ ಇಳಿದು ಬರುತ್ತಾಳೆ. ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳು, ಇನ್ನೂ ಯೂನಿಫಾರ್ಮ್ ಕಳಚಿಲ್ಲ. ಅವಳ ಪಾಳಿ ಮುಗಿಯುವ ಮತ್ತು ಮಲಕವ್ವನ ಗಾರೆ ಕೆಲಸ ಶುರುವಾಗುವ ನಡುವೆ ಸಿಗುವ ಈ ಸ್ವಲ್ಪ ಹೊತ್ತೇ ಇಬ್ಬರಿಗೂ ಪುರುಸೊತ್ತು. ಅದು ಕಳೆದರೆ ಪಕ್ಕದ ಶೆಡ್ಡಿನ ಪ್ರೆಸ್ ಯಂತ್ರವೂ ಎದ್ದು ಸದ್ದು ಶುರುಮಾಡುತ್ತದೆ.

“ಅದು ಬಡ್ಯಾಕ ಹತ್ತಿತಂದ್ರ ಮುಗೀತ್ರಿ. ಎರಡ್ ಗೋಡಿ ಕಟ್ಟಿ ನಡುವ ಉಸುಕು ತುಂಬೀನಿ, ಆದ್ರೂ ಕಾಲಾಗ ಗೊತ್ತಾಗ್ತದ,” ಎನ್ನುತ್ತಾರೆ ಮಲಕವ್ವ. ಎರಡು ಹಳೆಯ ಬಾಗಿಲುಗಳನ್ನು ಒಂದರ ಹಿಂದೊಂದು ಮುಚ್ಚಿ, ಸೌಮ್ಯಾ ಕಿವಿಗೆ ಹೆಡ್‌ಫೋನ್ ಏರಿಸುತ್ತಾಳೆ. ಮಲಕವ್ವ ಮೈಕಿನ ಮುಂದೆ ನಿಂತು, ಹಾಡುವ ಮೊದಲು ತಮ್ಮ ಹೆಸರು, ತಾಯಿಯ ಹೆಸರು, ಊರಿನ ಹೆಸರು ಹೇಳುತ್ತಾರೆ. ಇಲ್ಲಿ ಯಾರೇ ಹಾಡಿದರೂ ಮೊದಲು ಹೆಸರು ಹೇಳಲೇಬೇಕು. ಈ ಕಟ್ಟಳೆ ಹುಟ್ಟಿದ್ದು ಒಂದು ಕಳ್ಳತನದಿಂದ.

ಸುರಪುರದ ಕಡೆಯ ಹಳ್ಳಿಯಿಂದ ಗಂಡನ ಜೊತೆ ಬೆಂಗಳೂರಿಗೆ ಬಂದಾಗ ಮಲಕವ್ವನಿಗೆ ಇಪ್ಪತ್ತು ತುಂಬಿರಲಿಲ್ಲ. ಗಂಡ ಮರೆಪ್ಪ ಸೆಂಟ್ರಿಂಗ್ ಕೆಲಸಗಾರ. ಮೊದಲು ಕಾಡುಗೋಡಿ, ಆಮೇಲೆ ಈ ಕಡೆ. ಅಂದಿನಿಂದಲೂ ಸಿಮೆಂಟಿನ ಬಾಂಡ್ಲಿ ತಲೆಯ ಮೇಲಿದೆ. ಕಲಸಿ ಕೊಟ್ಟ ಗಾರೆಗೆ ಲೆಕ್ಕವಿಲ್ಲ, ಆದರೆ ಯಾವ ಮೇಸ್ತ್ರಿಯೂ ಒಂದು ದಿನ ಅವರ ಕೈಗೆ ಕರಣೆ ಕೊಟ್ಟು ಗೋಡೆ ಸಾರಿಸು ಎನ್ನಲಿಲ್ಲ. ಕರಣೆ ಗಂಡಸರಿಗೆ, ಬಾಂಡ್ಲಿ ಹೆಂಗಸರಿಗೆ. ಕೂಲಿಯೂ ಅದರಂತೆಯೇ. ಯಾವ ಕಾನೂನು ಬರೆದ ನಿಯಮ ಇದು?

ಕಾಡುಗೋಡಿಯ ಸೈಟಿನಲ್ಲಿ ಏಣಿ ಹತ್ತುವಾಗ ದಣಿವು ಮರೆಯಲೆಂದು ಅವರು ಒಂದು ಹಾಡು ಕಟ್ಟಿದ್ದರು.

*ಎತ್ತವ್ವ ಬುಟ್ಟಿ ಎತ್ತ,*
*ಮುಗಿಲೀಗೆ ಮೆಟ್ಟಿಲ ಕಟ್ಟ;*
*ಮ್ಯಾಲೇರಿ ಕುಂತವರು*
*ಕೆಳಗ ನೋಡ್ಯಾರೇನ ಕೇಳ.*

ಮಾದನಾಯಕನಹಳ್ಳಿಯ ಆಚೆ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದ್ದಾಗ, ಕಾಂಕ್ರೀಟ್ ಪಂಪು ಕೆಟ್ಟು ನಿಂತ ದಿನ, ಹೆಂಗಸರೆಲ್ಲ ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತ ಈ ಹಾಡನ್ನೇ ಹಾಡಿದರು. ಕಂಪನಿಯ ಪರವಾಗಿ ವಿಡಿಯೊ ತೆಗೆಯಲು ಬಂದ ಯುವಕ ಹತ್ತಿರ ಬಂದು, “ಅಕ್ಕ, ಸಕ್ಕತ್ತಾಗಿದೆ. ನೀವೊಬ್ರೇ ಇನ್ನೊಂದ್ಸಲ ಹಾಡಿ,” ಎಂದ. ಮಲಕವ್ವ ಸಂಕೋಚದಿಂದಲೇ ಹಾಡಿದರು. ಅವನು ಹೆಸರು ಕೇಳಲಿಲ್ಲ. ಇವರೂ ಹೇಳಲಿಲ್ಲ.

ಆರು ತಿಂಗಳ ನಂತರ ಆ ಕಟ್ಟಡದ ಉದ್ಘಾಟನೆ. ಅತಿಥಿಗಳು ಬರುತ್ತಾರೆಂದು ಕೆಲಸದವರನ್ನೆಲ್ಲ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಕೂರಿಸಿದ್ದರು. ಹೊರಗೆ ಯಾರೂ ಕಾಣಿಸಿಕೊಳ್ಳಬಾರದೆಂದು ಸೆಕ್ಯುರಿಟಿಯವರಿಗೆ ಹೇಳಿದ್ದರು. ಅನ್ನಕ್ಕಿಟ್ಟು ಕುಳಿತಿದ್ದ ಮಲಕವ್ವನ ಕಿವಿಗೆ ವೇದಿಕೆಯ ಸ್ಪೀಕರುಗಳಿಂದ ತಮ್ಮದೇ ದನಿ ಬಡಿಯಿತು. ಹಿಂದೆ ಡ್ರಮ್ಮು, ಕೊಳಲು. ಮನೆ ಕೊಳ್ಳುವವರನ್ನು ಕರೆಯುವ ಜಾಹೀರಾತು ಅದು. “ಮುಗಿಲೀಗೆ ಮೆಟ್ಟಿಲ ಕಟ್ಟ” ಎಂಬಲ್ಲಿಗೆ ಹಾಡು ನಿಂತುಹೋಯಿತು. ಮೇಲೇರಿ ಕುಂತವರ ಮಾತು ಬರುವ ಸಾಲುಗಳನ್ನು ಕತ್ತರಿಸಿ ಎಸೆದಿದ್ದರು.

“ಮೈಯಾಗ ಬೆಂಕಿ ಬಿದ್ದಂಗಾತ್ರಿ. ನನ್ನ ದನಿ ಒಳಗ ಕುರ್ಚಿ ಮ್ಯಾಲ ಕುಂತವ್ರ ಮುಂದ. ನಾ ಇಲ್ಲಿ ತಗಡಿನಾಗ. ದನಿ ಬೇಕು, ಮಾರಿ ಬ್ಯಾಡ?”

ಮರುದಿನ ಸೈಟ್ ಎಂಜಿನಿಯರನ್ನು ತಡೆದು ಕೇಳಿದರು. “ಅಕ್ಕ, ಅದು ಜಾನಪದ. ಜಾನಪದಕ್ಕೆ ಓನರ್ ಇರಲ್ಲ,” ಎಂದರು ಅವರು.

“ಅದು ನಾ ಕಟ್ಟಿದ್ದು ಸಾರ್. ಹೋಗ್ಲಿ, ಓನರ್ ಇಲ್ಲಂತೇ ಇಟ್ಕೋರಿ. ಮತ್ತ ನಿಮ್ದು ಹ್ಯಾಂಗಾತು?”

ಎಂಜಿನಿಯರು ಫೋನ್ ನೋಡುತ್ತ ನಡೆದುಬಿಟ್ಟರು. ಮುಂದಿನ ವಾರದಿಂದ ಮಲಕವ್ವನಿಗೆ ಆ ಸೈಟಿನಲ್ಲಿ ಕೆಲಸವಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹಾಡು ಸಂಗೀತ ಸಂಸ್ಥೆಯೊಂದರ ಕೈಸೇರಿ, ಮದುವೆ ಛತ್ರಗಳಲ್ಲಿ ಕುಣಿಯುವವರ ಫೋನುಗಳಲ್ಲೆಲ್ಲ ಓಡಾಡಿತು. ಗಾಯಕಿಯ ಹೆಸರಿರಬೇಕಾದ ಜಾಗದಲ್ಲಿ ‘ಅಜ್ಞಾತ’ ಎಂದಿತ್ತು. ಮಲಕವ್ವ ಬಾಡಿಗೆಗಿದ್ದ ಕಟ್ಟಡದಲ್ಲೇ ಮೇಲಿನ ಮನೆಯಲ್ಲಿದ್ದ ಸೌಮ್ಯಾಳಿಗೆ ರೇಗಿತು. ಮೆಟ್ಟಿಲ ಮೇಲೆ ಮಲಕವ್ವನನ್ನು ಕೂರಿಸಿ, ಪೂರ್ತಿ ಹಾಡು ಹಾಡಿಸಿ, ಫೋನಿನಲ್ಲಿ ಚಿತ್ರೀಕರಿಸಿ ಅಂತರ್ಜಾಲಕ್ಕೆ ಏರಿಸಿದಳು. ಮರುದಿನವೇ ಅದನ್ನು ತೆಗೆದುಹಾಕಿದ್ದರು. ಈ ಹಾಡಿನ ಹಕ್ಕು ಬೇರೆಯವರದ್ದು, ಅನುಮತಿಯಿಲ್ಲದೆ ಬಳಸಿದ್ದೀರಿ ಎಂಬ ಎಚ್ಚರಿಕೆ ಬಂದಿತ್ತು. ಸೌಮ್ಯಾ ಆಕ್ಷೇಪಣೆ ಹಾಕಿದಳು. ಹಾಡು ನಿಮ್ಮದೆನ್ನಲು ಹಳೆಯ ರೆಕಾರ್ಡಿಂಗ್ ತೋರಿಸಿ ಎಂದರು. ಎಲ್ಲಿಂದ ತರುವುದು? ಬಾಂಡ್ಲಿ ಹೊರುವಾಗ ಯಾರು ರೆಕಾರ್ಡ್ ಮಾಡಿಕೊಳ್ಳುತ್ತಾರೆ?

“ಅಕ್ಕ ಅಳ್ತಾರೇನೋ ಅಂದ್ಕೊಂಡೆ. ಅಳ್ಲಿಲ್ಲ,” ಎಂದು ಸೌಮ್ಯಾ ನೆನೆಯುತ್ತಾಳೆ. “ರೆಕಾರ್ಡ್ ಮಾಡೋ ಕೋಣೆ ಹೆಂಗಿರ್ತದ ತೋರ್ಸು ಅಂದ್ರು. ವಿಡಿಯೊ ತೋರಿಸ್ದೆ. ಇಷ್ಟೇನಾ, ಗೋಡೆ ತಾನೇ, ಅಂದ್ಬಿಟ್ರು.”

ಈ ಬಾಡಿಗೆ ಕಟ್ಟಡದ ಒಡತಿ ಮುನಿಯಕ್ಕ ಈ ಊರಿನ ಹಳೆಯ ಮನೆತನದವರು. ಅವರ ಬೇಸ್‌ಮೆಂಟ್ ಕಟ್ಟಿದಾಗಿನಿಂದ ಪಾಳುಬಿದ್ದಿತ್ತು. ಇಳಿಜಾರು ಕಡಿದಾಗಿ ಕಾರು ಇಳಿಯುತ್ತಿರಲಿಲ್ಲ, ಮಳೆಗಾಲದಲ್ಲಿ ನೀರು ಮಾತ್ರ ಇಳಿಯುತ್ತಿತ್ತು. ಮಲಕವ್ವ ಜಾಗ ಕೇಳಿದಾಗ ಮುನಿಯಕ್ಕ ಮೊದಲು ನಕ್ಕರು. ನಡೆದದ್ದನ್ನೆಲ್ಲ ಕೇಳಿದ ಮೇಲೆ ನಗು ನಿಂತಿತು.

“ನಮ್ಮೊಲಾನೂ ಇಂಗೇ ವೋಯ್ತು ಕಣಮ್ಮಿ. ರೋಡು ಅಂದ್ರು, ಫ್ಯಾಕ್ಟ್ರಿ ಅಂದ್ರು. ಕೇಳಾಕೆ ವೋದ್ರೆ ನೀನ್ಯಾರು ಅಂದ್ರು. ಕಟ್ಕೋ ವೋಗು, ನೀರೊಂದು ನಿಲ್ಸು.”

ನೀರು ಸುಲಭಕ್ಕೆ ನಿಲ್ಲಲಿಲ್ಲ. ಮೊದಲ ಸಲ ಹಾಕಿದ ಕೌದಿಗಳು ಒಂದೇ ಮಳೆಗೆ ನೆನೆದು ಬೂಷ್ಟು ಹಿಡಿದವು. ಮರೆಪ್ಪ ಬೇಸತ್ತು, “ನಮಗ್ಯಾಕ ಬೇಕು ಇದು, ಬಿಡು,” ಎಂದರು. ಮಲಕವ್ವ ಎರಡು ದಿನ ಒಬ್ಬರೇ ನೆನೆದ ಕೌದಿ ಕಿತ್ತು, ನೀರು ಮೊಗೆದರು. ಮೂರನೆಯ ದಿನ ಮರೆಪ್ಪನೇ ಗುದ್ದಲಿ ಹಿಡಿದು ಇಳಿಜಾರಿನ ತುದಿಗೆ ಅಡ್ಡ ಕಾಲುವೆ ತೋಡತೊಡಗಿದರು. ಗೋಡೆಯನ್ನು ಮಾತ್ರ ಮಲಕವ್ವ ಯಾರಿಗೂ ಬಿಡಲಿಲ್ಲ. ಇಷ್ಟು ವರ್ಷ ಕಣ್ಣಲ್ಲೇ ಕಲಿತದ್ದನ್ನು ಮೊದಲ ಬಾರಿಗೆ ಕರಣೆ ಹಿಡಿದು ಕೈಗೆ ತಂದರು. ಮೊದಲ ಗೋಡೆ ಸೊಟ್ಟಗಾಯಿತು. ಕೆಡವಿ ಮತ್ತೆ ಕಟ್ಟಿದರು. ಒಡೆದ ಮನೆಯೊಂದರಿಂದ ಬಾಗಿಲು ಬಂದವು, ಅಂದು ಸಾಲಿನಲ್ಲಿ ನಿಂತು ಬಾಂಡ್ಲಿ ದಾಟಿಸಿದ ಹೆಂಗಸರು ಭಾನುವಾರಗಳಲ್ಲಿ ಕುಳಿತು ಕೌದಿ ಹೊಲಿದರು. ನೆಲಮಂಗಲದ ಆರ್ಕೆಸ್ಟ್ರಾದವರು ಮಾರಿದ ಹಳೆಯ ಮೈಕನ್ನು ಸೌಮ್ಯಾ ತಂದಳು.

ಸುದ್ದಿ ಹೇಗೋ ಹರಡಿತು. ಒಂದು ದಿನ ಆ ಸಂಗೀತ ಸಂಸ್ಥೆಯಿಂದಲೇ ಫೋನು. ನಯವಾದ ಮಾತು. ‘ಪ್ರತಿಭೆ’ಗೆ ವೇದಿಕೆ ಕೊಡುತ್ತಾರಂತೆ, ಹೊಸ ಹಾಡು ಹಾಡಬೇಕಂತೆ.

“ಮೊದ್ಲು ಹಳೇದಕ್ಕ ನನ್ನ ಹೆಸರು ಹಾಕ್ರಿ, ಕತ್ತರಿಸಿದ್ ಸಾಲು ಜೋಡಸ್ರಿ, ಆಮ್ಯಾಲ ಮಾತಾಡೋಣು ಅಂದೆ. ಅದು ಆಗೋದಿಲ್ಲಂದ. ಹಂಗಾದ್ರ ಇದೂ ಆಗೋದಿಲ್ಲಂದೆ. ಇಟ್ಟೆ.”

ಆ ಹಾಡು ಇಂದಿಗೂ ‘ಅಜ್ಞಾತ’ಳ ಹೆಸರಿನಲ್ಲೇ ಇದೆ. ಕಾರ್ಮಿಕ ಸಂಘದ ವಕೀಲೆಯೊಬ್ಬರು ನೋಟಿಸು ಕಳಿಸಿದ್ದಾರೆ, ಉತ್ತರ ಬಂದಿಲ್ಲ. ಮನೆ ಕಟ್ಟಿದವಳಿಗೆ ಒಳಗೆ ಕಾಲಿಡಲು ಬಿಡದ ನಗರ ಈಗ ಹಾಡು ಕಟ್ಟಿದವಳಿಗೆ ಅದನ್ನು ಹಾಡಲೂ ಬಿಡುತ್ತಿಲ್ಲ. ಇದಕ್ಕೆ ನಾಚಬೇಕಾದವರು ಯಾರೂ ನಾಚಿದಂತಿಲ್ಲ.

ಆದರೆ ಬೇಸ್‌ಮೆಂಟಿನ ಕೋಣೆ ಖಾಲಿ ಇರುವುದಿಲ್ಲ. ಗಾರ್ಮೆಂಟ್ಸಿನವರು, ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವವರು ಬರುತ್ತಾರೆ. ಹೆಸರು ಹೇಳಿ, ಹಾಡಿ, ಕೆಲಸಕ್ಕೆ ಓಡುತ್ತಾರೆ. ಇವತ್ತು ಮಲಕವ್ವನ ಹಾಡು ಮುಗಿದ ಮೇಲೆ ಬಂದಿರುವವರು ಬಸಕ್ಕ. ಮಲಕವ್ವನಿಗಿಂತ ಹಿರಿಯರು, ಬದುಕೆಲ್ಲ ಸಿಮೆಂಟಿನ ಚೀಲ ಕೊಡವಿ ಅದರ ದೂಳು ಕುಡಿದವರು. ಅವರಿಗೆ ಒಂದು ಉದ್ದನೆಯ ಹಾಡು ಬರುತ್ತದೆ, ಪೂರ್ತಿ ಬಲ್ಲವರು ಈಗ ಬೇರೆ ಯಾರೂ ಇಲ್ಲ. ಉಸಿರು ಸಾಲದೆ ದಿನಕ್ಕೆ ಎರಡು ನುಡಿಯಷ್ಟೇ ಹಾಡುತ್ತಾರೆ. ಇವತ್ತಿನ ಎರಡನೆಯ ನುಡಿಯ ನಡುವೆ ಕೆಮ್ಮು ಒತ್ತರಿಸಿ ಬಂದು, ಗೋಡೆ ಹಿಡಿದು ನಿಲ್ಲುತ್ತಾರೆ. ಮಲಕವ್ವ ಬೆನ್ನು ಸವರುತ್ತಾರೆ. ಬಸಕ್ಕ ನೀರು ಕುಡಿದು, ಬಿಟ್ಟಲ್ಲಿಂದಲೇ ಹಿಡಿದು ಮುಗಿಸುತ್ತಾರೆ.

ಈ ಹಾಡು ಪೂರ್ತಿಯಾಗಬೇಕು ಎಂಬುದೊಂದೇ ಮಲಕವ್ವನ ಸದ್ಯದ ಆಸೆ. ಆ ಕೆಮ್ಮನ್ನು ಅಳಿಸಿ ಹಾಡನ್ನು ಜೋಡಿಸುವುದು ಸೌಮ್ಯಾಳಿಗೆ ಕಷ್ಟವೇನಲ್ಲ. ಅವಳ ಬೆರಳು ಅಲ್ಲಿಗೆ ಹೋಗಿಯೂ ಆಗಿತ್ತು.

“ತೆಗೀಬ್ಯಾಡವಾ,” ಎನ್ನುತ್ತಾರೆ ಮಲಕವ್ವ, ಬಾಂಡ್ಲಿ ಎತ್ತಿಕೊಂಡು ಕೆಲಸಕ್ಕೆ ಹೊರಡುತ್ತ. “ಹಾಡಿನ ಕೂಡ ಅದೂ ಇರ್ಲಿ. ನಾವ್ ಕಟ್ಟೋ ಮನಿ ಹ್ಯಾಂಗ್ ಏಳ್ತಾವಂತ ಕೇಳವ್ರಿಗೂ ಗೊತ್ತಾಗ್ಲಿ.”