ಆರ್ವಿಡ್ ಸೊಲ್‌ಬರ್ಗ್ ಕೊನೆಗೂ ಬಂದೂಕು ಕೊಂಡದ್ದು

ನಮ್ಮ ಪೂರ್ವ ಮೊಂಟಾನಾದಲ್ಲಿ ಗಾಳಿಯಂತ್ರ ಕೆಟ್ಟರೆ ಎಲ್ಲರೂ ಕರೆಯುತ್ತಿದ್ದುದು ಆರ್ವಿಡ್ ಸೊಲ್‌ಬರ್ಗ್‌ನನ್ನೇ. ಗೋಪುರದ ತುದಿ ಹತ್ತಿ, ಏನು ಬದಲಿಸಬೇಕೆಂದು ಅಲ್ಲೇ ತೀರ್ಮಾನಿಸುತ್ತಿದ್ದ. ಬಂದೂಕಿನ ವಿಷಯದಲ್ಲಿ ಮಾತ್ರ ಅವನಿಂದ ತೀರ್ಮಾನವೇ ಆಗುತ್ತಿರಲಿಲ್ಲ.

ಮುತ್ತಜ್ಜಂದಿರ ಕಾಲದ ಕಾಡೆಮ್ಮೆ ಬೇಟೆಗಾರರು ಹಿಡಿಯುತ್ತಿದ್ದ, ಒಂದು ಸಲಕ್ಕೆ ಒಂದೇ ಗುಂಡು ತುಂಬುವ ಉದ್ದ ಬಂದೂಕನ್ನು ಈಗಲೂ ಹಳೆಯ ಮಾದರಿಯಲ್ಲೇ ಮಾಡುತ್ತಾರೆ. ನಮ್ಮ ಸೀಮೆಯ ಕಾರ್ಖಾನೆಯದು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಇಟಲಿಯವರದು ಅಂಗಡಿಗೆ ಹೋದ ದಿನವೇ ಸಿಗುತ್ತದೆ. ಯಾವುದು ಮೇಲು ಎಂದು ತಿಳಿಯಲು ಆರ್ವಿಡ್ ಬೇಸಿಗೆಯ ಗುರಿಪಂದ್ಯಗಳಲ್ಲಿ ಕಂಡವರ ಬಂದೂಕನ್ನೆಲ್ಲ ಕೇಳಿ ಪಡೆದು, ಮರದ ಹಿಡಿ ಸವರಿ, ನಳಿಗೆಯೊಳಗೆ ಇಣುಕುತ್ತಿದ್ದ. ಇಟಲಿಯದರ ಗುಂಡು ಹಾರಿಸುವ ಕುದುರೆ ಬಿಗಿ, ನಮ್ಮದರ ಬೆಲೆ ಬಿಗಿ ಎನ್ನುತ್ತಿದ್ದ. ತಾನು ಮಾತ್ರ ಒಂದನ್ನೂ ಕೊಳ್ಳಲಿಲ್ಲ. ತನ್ನನ್ನು ಮದುವೆಯಾಗುವಾಗ ಈ ಮನುಷ್ಯ ಇಷ್ಟು ಯೋಚಿಸಿರಲಿಲ್ಲ ಎಂದು ಅವನ ಹೆಂಡತಿ ಲೆನೋರಾ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಒಂದು ಪಂದ್ಯದ ದಿನ, ಕಣ್ಣು ಕಟ್ಟಿದರೂ ಬರೀ ಮುಟ್ಟಿ ಯಾರು ಮಾಡಿದ್ದೆಂದು ಹೇಳಬಲ್ಲೆನೆಂದುಬಿಟ್ಟ. ಲೆನೋರಾ ತನ್ನ ಕೊರಳ ವಸ್ತ್ರ ಬಿಚ್ಚಿ ಅವನ ಕಣ್ಣಿಗೆ ಬಿಗಿದಳು. ಗೆಳೆಯ ಚೆಟ್‌ನ ಬಳಿ ನಮ್ಮ ಸೀಮೆಯದಿತ್ತು, ನನ್ನ ಬಳಿ ಇಟಲಿಯದು. ಅವಳು ಚೆಟ್‌ಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಖಾಲಿ ಮಾಡಿದ್ದ ನನ್ನದನ್ನು ಗಂಡನ ಕೈಗಿಟ್ಟಳು.

“ಇದು ನಮ್ಮೋರು ಮಾಡಿದ್ದು. ಬೆಣ್ಣೆ ತರ ಜಾರುತ್ತೆ ನೋಡ್ರಯ್ಯ” ಎಂದ.

ಅವಳು ಅದನ್ನೇ ಇಸಿದುಕೊಂಡು, ಒಂದು ಸುತ್ತು ಹಾಕಿ ಬಂದು ಮತ್ತೆ ಕೊಟ್ಟಳು.

“ಹಾಂ, ಇದು ಇಟಲೀದು. ಒರಟು. ಮುಟ್ಟಿದ ತಕ್ಷಣ ಗೊತ್ತಾಯ್ತು.”

ಚೆಟ್‌ನ ಮೂಗಿನಿಂದ ಕಾಫಿ ಬಂತು. ಲೆನೋರಾ ವಸ್ತ್ರ ಬಿಚ್ಚುತ್ತಾ, “ಎರಡು ಸಲಾನೂ ಒಂದೇ ಬಂದೂಕು ಮಾರಾಯ, ಇಟಲೀದು” ಎಂದಳು.

ಆರ್ವಿಡ್‌ನ ಕಿವಿ ಕೆಂಪಾದವು. ಹೋಗಿ ತನ್ನ ಲಾರಿಯಲ್ಲಿ ಕುಳಿತ. ನನಗೆ ಪಾಪವೆನಿಸಿ ಒಂದು ತುಂಡು ಸೇಬಿನ ಕಡುಬು ಒಯ್ದು ಕೊಟ್ಟೆ. ಅದನ್ನು ಪೂರ್ತಿ ತಿಂದು ಮುಗಿಸಿ ಬಾಯಿ ಒರೆಸಿಕೊಂಡ.

“ಮೊದಲನೇ ಸಲ ಕೊಟ್ರಲ್ಲ, ಅದನ್ನ ಮಾರ್ತೀಯಾ?”

“ಎರಡನೇ ಸಲದ್ದು ಬೇಡ್ವಾ?”

“ಬೇಡಪ್ಪ, ಅದು ಒರಟು” ಎಂದವನೇ ನಕ್ಕುಬಿಟ್ಟ. ನನಗೂ ತಡೆಯಲಾಗಲಿಲ್ಲ.

ಮಾರಿದೆ. ಆ ಮಧ್ಯಾಹ್ನವೇ ಅವನು ಹುಲ್ಲಿನ ಮೇಲೆ ಕುಳಿತು, ದೂರದ ದಿಬ್ಬದ ಮೇಲೆ ಪಂದ್ಯಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಕಾಡೆಮ್ಮೆಗೆ ಗುರಿಯಿಟ್ಟ. ಮೊದಲ ಗುಂಡಿಗೆ ಮಣ್ಣು ಹಾರಿತು. ಬಂದೂಕು ಮಾಡಿದವರನ್ನು ಬೈಯುತ್ತಾನೇನೋ ಎಂದು ಎಲ್ಲರೂ ಕಾದೆವು. ಅವನು ಗಾಳಿಯನ್ನೊಮ್ಮೆ ನೋಡಿ ಇನ್ನೊಂದು ತುಂಬಿದ. ಹೊಗೆ ಕರಗುವ ಹೊತ್ತಿಗೆ ದಿಬ್ಬದಿಂದ ಟಣ್ ಎಂದು ಸದ್ದು ತೇಲಿ ಬಂತು. ಲೆನೋರಾ ಅವನನ್ನು ಪಕ್ಕಕ್ಕೆ ಸರಿಸಿ, ಈಗ ತನ್ನ ಸರದಿ ಎಂದು ಕುಳಿತಳು.