ಉಲ್ಟಾ ತಿರುಗುವ ಜೂಮು

ಶಟರ್ ಹೋಗಿ ನನ್ನ ಕ್ಯಾಮೆರಾ ಹುಬ್ಬಳ್ಳಿಯ ರಿಪೇರಿ ಅಂಗಡಿ ಸೇರಿತ್ತು. ನಮ್ಮೂರು ಸಂಶಿಯಲ್ಲಿ ಫೋಟೋ ಸ್ಟುಡಿಯೋ ಹಾಕಿದಾಗಿನಿಂದ ನಾನು ಒಂದೇ ಕಂಪನಿಯದನ್ನು ಹಿಡಿದವಳು. ಮೈದುನ ಗೆಳೆಯನ ಹತ್ತಿರ ಬೇರೆ ಕಂಪನಿಯದನ್ನು ಇಸಕೊಂಡು ಬಂದ. ಕೈಗೆ ತೆಗೆದುಕೊಂಡರೆ ಬೀಗರ ಅಡುಗೆಮನೆಗೆ ಹೊಕ್ಕಂತಾಯಿತು. ಎಲ್ಲವೂ ಇತ್ತು, ಯಾವುದೂ ನಾನು ಕೈ ಹಾಕಿದಲ್ಲಿ ಇರಲಿಲ್ಲ.

“ಅಗದಿ ಹಗುರ ಐತಿ ನೋಡ್ರಿ ವೈನಿ.”

ಹಗುರವೇನೋ ಹೌದು. ಹೆಗಲು ನೋಯುವವಳಿಗೆ ಅದು ಸಣ್ಣ ಮಾತಲ್ಲ. ಆದರೆ ಜೂಮು ಉಲ್ಟಾ. ನನ್ನದರಲ್ಲಿ ಯಾವ ಕಡೆ ತಿರುವಿದರೆ ಮುಖ ಹತ್ತಿರ ಬರುತ್ತದೋ, ಇದರಲ್ಲಿ ಆ ಕಡೆ ತಿರುವಿದರೆ ದೂರ ಓಡುತ್ತದೆ. ಬೆಳಿಗ್ಗೆ ಕುಕ್ಕರ್ ಕೂಗುವವರೆಗೂ ಗೋಡೆಯ ಗಡಿಯಾರಕ್ಕೆ ಹಿಡಿದು ರೂಢಿ ಮಾಡಿಕೊಂಡೆ. ಕೈಗೆ ಬಂತು ಅನ್ನಿಸಿತು.

ಅಂದು ಓಣಿಯಲ್ಲೇ ಒಂದು ಕುಬಸ, ಬಸುರಿಗೆ ಉಡಿ ತುಂಬುವ ಸೀಮಂತ. ಆ ಮನೆಯ ಬಸುರಿ ಮಗಳು ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅವಳ ತಾಯಿಗೆ ಹಿಂದಿನ ವರ್ಷ ಲಕ್ವಾ ಹೊಡೆದಿತ್ತು.

“ಅಕ್ಕಾರ, ನಮ್ಮವ್ವ ಎದ್ದು ನಿಂತು ನನ್ನ ಉಡಿ ತುಂಬ್ತೀನಿ ಅಂತ ಹಟಾ ಹಿಡದಾಳ. ಅದೊಂದು ಫೋಟೋ ತಪ್ಪಬಾರದ್ರಿ,” ಎಂದು ಮಗಳು ಮೊದಲೇ ಹೇಳಿಟ್ಟಿದ್ದಳು. “ಅವ್ವನ ಮಾರಿ ಹತ್ರದಿಂದ ಬರಬೇಕು.”

ತಾಯಿ ಎದ್ದಳು. ಕೋಲು ಬದಿಗಿಟ್ಟಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ಮಗಳ ಸೆರಗಿಗೆ ಬಿದ್ದವು. ಮುಖ ಹತ್ತಿರ ತರಲೆಂದು ನಾನು ತಿರುವಿದೆ, ಕೈ ತನ್ನ ಹಳೆಯ ಕಡೆಗೇ ತಿರುವಿತು. ಮುಖ ದೂರ ಹಾರಿ ಇಡೀ ಪಡಸಾಲೆ ಚಿತ್ರದೊಳಗೆ ಬಂತು. ಗಾಬರಿಯಲ್ಲಿ ಒಂದೇ ಸಲ ಒತ್ತಿದೆ. ಅಷ್ಟರಲ್ಲಿ ತಾಯಿ ಕೂತುಬಿಟ್ಟಿದ್ದಳು.

“ಇನ್ನೊಮ್ಮೆ ತುಂಬತೀರೇನ್ರಿ?” ಎಂದು ಕೇಳಿದೆ. ಮದುವೆಗಳಲ್ಲಿ ಹಾರ ಹಾಕುವುದನ್ನಾದರೆ ನಾವು ಎಷ್ಟು ಸಲ ಬೇಕಾದರೂ ಮಾಡಿಸುತ್ತೇವೆ.

“ತುಂಬಿದ ಉಡಿ ಖಾಲಿ ಮಾಡಸ್ತೀರೇನ್ರಿ? ಬಸರ ಹೆಂಗಸು! ಬ್ಯಾಡ್ರಿ,” ಎಂದು ಹುಡುಗಿಯ ಅತ್ತೆ ತಡೆದಳು.

ಊಟದ ಹೊತ್ತಿಗೆ ಮಗಳು ಕ್ಯಾಮೆರಾದಲ್ಲಿ ಆ ಫೋಟೋ ತೋರಿಸಲು ಹೇಳಿದಳು. ಮುಚ್ಚಿಡುವ ತ್ರಾಣವೂ ಇರಲಿಲ್ಲ, ತೋರಿಸಿದೆ. ತಾಯಿಯೂ ಬಗ್ಗಿ ನೋಡಿದಳು. ಚಿತ್ರದಲ್ಲಿ ಆಕೆ ಸಣ್ಣಗೆ ನಿಂತಿದ್ದಳು. ಹಿಂದೆ ಬೀಗತಿ, ಅದೇ ಅತ್ತೆ, ಎರಡೂ ಕೈಯಿಂದ ಆಕೆಯ ಸೊಂಟ ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿಕೊಂಡು ನಿಂತಿದ್ದಳು.

“ಅಯ್ಯ! ನಾನs ನಿಂತೀನಿ ಅನಕೊಂಡಿದ್ನಿ. ಇಕಿ ಹಿಡಕೊಂಡಿದ್ಲೇನು?”

“ಬಿಟ್ಟಿದ್ರ ಉತ್ತತ್ತಿ ಜೋಡಿ ನೀನೂ ಉಡಿಯಾಗ ಬೀಳ್ತಿದ್ದಿ ಬೇ,” ಎಂದಳು ಬೀಗತಿ.

ತಾಯಿ ಸೆರಗು ಬಾಯಿಗಿಟ್ಟು ನಕ್ಕಳು. ಮಗಳು ಮಾತ್ರ ನಗಲಿಲ್ಲ, ಬಹಳ ಹೊತ್ತು ನೋಡಿದಳು.

“ಬೇಕಾದ್ರ ಕಟ್ ಮಾಡಿ ಅವ್ವನ ಮಾರಿ ಅಷ್ಟs ದೊಡ್ಡದು ಮಾಡಿ ಕೊಡ್ತೀನಿ,” ಎಂದೆ.

“ಬ್ಯಾಡ್ರಿ ಅಕ್ಕಾರ. ಅತ್ತಿ ಕೈ ಕಟ್ ಆಗ್ತಾವು. ಹಿಂಗs ಇರ್ಲಿ.”

ಸಂಜೆ ಮೈದುನ ಬಂದ. “ಹೆಂಗೈತ್ರಿ ವೈನಿ? ಇನ್ನ ಇದನ್ನs ತಗೊಳ್ಳೂಣೇನು?”

“ಚಲೋ ಐತಿ,” ಎಂದು ಅವನ ಕೈಗೆ ಕೊಟ್ಟೆ. ಹೆಗಲು ಅಂದು ನಿಜಕ್ಕೂ ನೋಯುತ್ತಿರಲಿಲ್ಲ. ಆದರೂ ನನ್ನದು ರಿಪೇರಿ ಆಯಿತೇ ಎಂದು ಕೇಳಲು ಹುಬ್ಬಳ್ಳಿಗೆ ಫೋನ್ ಹಚ್ಚಿದೆ.