ಮಾಸ್ತರರ ದನಿಗೆ ನಾನು ಸೇರಿಸಿದ ಕೆಮ್ಮು

ಎಂಟು ಜನರ ದನಿಯಲ್ಲಿ ಸುಳ್ಳು ಹೇಳುತ್ತಿದ್ದ ನನ್ನನ್ನು ಯಾರು ನಂಬಬೇಕು? ಆದರೂ ಇದು ನಡೆದದ್ದೇ. ಹೇಳಲು ಭಯಕ್ಕಿಂತ ನಾಚಿಕೆಯೇ ಹೆಚ್ಚು.

ನಾನೂ ಔರಾದದ ಗೆಳೆಯ ಇರ್ಫಾನನೂ ಬೀದರ್ ಹತ್ತಿರದ ಗುಡ್ಡದ ಕಾಡಿಗೆ ಕೃಷ್ಣಮೃಗ ನೋಡಲು ಹೋಗಿದ್ದೆವು. ಮೇಲಿನ ಕಾಲುಹಾದಿಯಲ್ಲಿ ಭಾಲ್ಕಿಯ ನಿವೃತ್ತ ಮಾಸ್ತರರೊಬ್ಬರು ಸಿಕ್ಕರು. ಒಬ್ಬರೇ ಬಂದಿದ್ದರು.

"ಸಾವಕಾಶ ಹೋಗ್ರಪಾ, ಜಿಂಕಿ ಬೆದರ್ತಾವ."

ಅವರು ಮರೆಯಾಗುತ್ತಲೇ ಅದೇ ಮಾತನ್ನು ಅವರದೇ ದನಿಯಲ್ಲಿ ಹೇಳಿ, ಕೊನೆಗೊಂದು ಗೊರಗೊರ ಕೆಮ್ಮು ಸೇರಿಸಿದೆ. ಮಾಸ್ತರರು ಕೆಮ್ಮಿರಲಿಲ್ಲ. ನಗು ಬರಲೆಂದು ನಾನೇ ಹಚ್ಚಿದ ಬಾಲ ಅದು.

ಸಂಜೆ ಗೇಟು ಮುಚ್ಚುವ ಮುಂಚೆ ವಾಚರ್ ಮಾಣಿಕ ಕಾಕಾ ಕೆಳಗಿನಿಂದ ಒಬ್ಬೊಬ್ಬರನ್ನೇ ಕೂಗುತ್ತಾನೆ. ಮೇಲಿದ್ದವರು ಓಗೊಡಬೇಕು. ಓಗೊಡದಿದ್ದರೆ ತಾನೇ ಹುಡುಕಲು ಹತ್ತುತ್ತಾನೆ.

"ಭಾಲ್ಕಿ ಮಾಸ್ತರ್ರೋ..."

ಇಳಿಯುತ್ತಿದ್ದ ನನಗೆ ತಡೆಯಲಾಗಲಿಲ್ಲ. "ಬಂದೆರೀ..." ಎಂದು ಕೆಮ್ಮಿದೆ.

ಇರ್ಫಾನ್ ಬಾಯಿ ಮುಚ್ಚಿಕೊಂಡು ನಕ್ಕ. "ಯಾರ್, ಹುಬೇಹುಬ್ ಅವ್ರೇ!"

ಕಾಕಾ ನಿಶ್ಚಿಂತನಾಗಿ ಗೇಟಿನ ಬಳಿ ಕೂತ. ಕತ್ತಲಾಯಿತು. ಮಾಸ್ತರರು ಬರಲಿಲ್ಲ.

"ಓಗೊಟ್ರಲ್ಲ, ಎಲ್ಲಿ ಉಳದ್ರು?"

ನಾನೇ ಎನ್ನಲು ಬಾಯಿ ತೆರೆದೆ... "ಟಾರ್ಚ್ ಎಲ್ಲದರಿ?" ಎಂದೆ. ಟಾರ್ಚ್ ಹಿಡಿದು ಮೂವರೂ ಹತ್ತಿದೆವು. ಒಣಹುಲ್ಲಿನ ವಾಸನೆ. ಕಾಲಡಿ ಜಾರುವ ಮುರುಮು ಮಣ್ಣು.

"ಮಾಸ್ತರ್ರೋ..."

"ಬಂದೆರೀ..." ಬಲಗಡೆಯಿಂದ. ಹಿಂದೆಯೇ ಗೊರಗೊರ ಕೆಮ್ಮು.

ಇರ್ಫಾನ್ ನನ್ನ ಮುಖಕ್ಕೆ ಟಾರ್ಚ್ ಬಿಟ್ಟ. ನನ್ನ ತುಟಿ ಮುಚ್ಚಿತ್ತು.

ದನಿಯ ಬೆನ್ನು ಹತ್ತಿದೆವು. ಕರೆದಷ್ಟೂ ಅದು ದೂರ ಸರಿಯುತ್ತಿತ್ತು... ಕೊನೆಗೆ ತಡೆಯದೆ ಹೇಳಿಬಿಟ್ಟೆ. "ಕಾಕಾ, ಅದು ಮಾಸ್ತರ್ರಲ್ಲ. ಆ ಕೆಮ್ಮು ನಾ ಹಚ್ಚಿದ್ದರಿ. ಮೊದಲು ಓಗೊಟ್ಟಾಂವ ನಾನೇರಿ."

ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದನಿ ಬರುತ್ತಿದ್ದ ಕಡೆಯನ್ನು ಬಿಟ್ಟು, ತಿರುಗಿ ಎಡಕ್ಕೆ ನಡೆದ.

ಎಡಗಡೆಯ ತಗ್ಗಿನಲ್ಲಿ ಮಾಸ್ತರರು ಕಾಲು ಮುರಿದು ಬಿದ್ದಿದ್ದರು.

"ನೀವು ಕೂಗಿದ್ದು ಕೇಳಸ್ತಿತ್ತಪಾ," ಎಂದು ಪಿಸುಗುಟ್ಟಿದರು. "ನನಗ ದನೀನೇ ಏಳಲಿಲ್ಲ. ಯಾವನೋ ನನ್ನಂಗ ಓಗೊಡ್ತಿದ್ದ... ನೀವು ಅತ್ಲಾಗೇ ಹೋದ್ರಿ."

ಅವರನ್ನು ಬೆನ್ನ ಮೇಲೆ ಹೊತ್ತು ಇಳಿದೆ. ದಾರಿಯುದ್ದಕ್ಕೂ ನನ್ನ ಭುಜ ತಟ್ಟುತ್ತಿದ್ದರು. "ಪುಣ್ಯಾ ಬರ್ತದ ತಮ್ಮಾ ನಿನಗ." ಕಾಕಾ ಕೇಳಿಯೂ ಕೇಳದವನಂತೆ ಮುಂದೆ ನಡೆಯುತ್ತಿದ್ದ.

ಮೊದಲ ಸಲ ಓಗೊಟ್ಟದ್ದು ನಾನು. ಉಳಿದ ಸಲ ಯಾರು?

ಅಂದಿನಿಂದ ಯಾರ ದನಿಯನ್ನೂ ಅಣಕಿಸಿಲ್ಲ. ಅವ್ವ ಒಳಗಿನಿಂದ ಕರೆದರೂ ಓಗೊಡುವುದಿಲ್ಲ. ಎದ್ದು ಹೋಗಿ ಎದುರಿಗೆ ನಿಲ್ಲುತ್ತೇನೆ.

ಒಮ್ಮೊಮ್ಮೆ ಅವ್ವ ತಲೆ ಎತ್ತಿ ಕೇಳುತ್ತಾಳೆ:

"ಬಂದೆ ಅಂತ ಆಗಲೇ ಅಂದಿಯಲ್ಲೋ... ಯಾವಾಗಿಂದ ಹತ್ತೇದ ನಿನಗ ಈ ಕೆಮ್ಮು?"